ಪೆಸಿಫಿಕಾದಲ್ಲಿ ಸಿಕ್ಕ ಹಿತ್ತಾಳೆ ಬಿಲ್ಲೆ

ಜಯರಾಮನ ಮನೆಗೆ ಊಟಕ್ಕೆ ಹೋಗಬೇಕೆಂದರೆ ಊರ್ಮಿಳೆಗೆ ಆ ವರ್ಷವಿಡೀ ಒಂದು ತರಹದ ಸಂಕಟ. ಊಟದ ತಪ್ಪೇನೂ ಇರಲಿಲ್ಲ. ಜಯರಾಮನ ಹೆಂಡತಿ ರಮಾಳ ಕೈಯಡುಗೆಗಾಗಿ ಜನ ಸ್ಯಾನ್ ಫ್ರಾನ್ಸಿಸ್ಕೋದಿಂದ ಕಾರು ಹತ್ತಿ ಬೆರ್ರಿಯೆಸಾದವರೆಗೆ ಬರುತ್ತಿದ್ದರು. ಸಂಕಟ ಶುರುವಾಗುತ್ತಿದ್ದುದು ಊಟ ಮುಗಿದ ಮೇಲೆ, ಗಂಡಸರೆಲ್ಲ ಸೋಫಾದಲ್ಲಿ ಕಾಲು ಚಾಚಿ ಕೂತು, ಜಯರಾಮ ಹಲ್ಲುಕಡ್ಡಿ ಬಾಯಿಗಿಟ್ಟುಕೊಂಡಾಗ.

“ಏನಪ್ಪಾ ಶ್ರೀಕಂಠ, ಈ ವಾರ ಸಮುದ್ರರಾಜ ಏನು ಕೊಟ್ಟ? ಸೋಡಾ ಮುಚ್ಚಳಾನಾ, ಬಿಯರ್ ಮುಚ್ಚಳಾನಾ?”

ಎಲ್ಲರೂ ಹೋ ಎಂದು ನಗುತ್ತಿದ್ದರು. ಊರ್ಮಿಳೆಯ ಗಂಡ ಶ್ರೀಕಂಠನೂ ನಗುತ್ತಿದ್ದ. ಅವನು ನಗದೆ ಸಿಡುಕಿದ್ದರೆ ಅವಳಿಗೆ ಅಷ್ಟು ಬೇಸರವಾಗುತ್ತಿರಲಿಲ್ಲ. ಆದರೆ ಅವನು ಎಲ್ಲರಿಗಿಂತ ಒಂದು ಕ್ಷಣ ತಡವಾಗಿ, ಕ್ಲಾಸಿನಲ್ಲಿ ಮೇಷ್ಟ್ರ ಜೋಕು ಅರ್ಥವಾಗದ ಹುಡುಗನಂತೆ, ಅಕ್ಕಪಕ್ಕದವರ ಮುಖ ನೋಡಿಕೊಂಡು ನಗುತ್ತಿದ್ದ.

ಶ್ರೀಕಂಠ ಸ್ಯಾನ್ ಹೋಸೆಯ ಒಂದು ಚಿಪ್ ಕಂಪನಿಯಲ್ಲಿ ಎಂಜಿನಿಯರು. ಅವನ ಪಕ್ಕದ ಮೇಜಿನ ಅಮೆರಿಕನ್ ಒಬ್ಬ ಎಲ್ಲೋ ಮೆಟಲ್ ಡಿಟೆಕ್ಟರು ಆಡಿಸಿ ಒಂದು ಹಳೇ ಬಂಗಾರದ ನಾಣ್ಯ ಹುಡುಕಿ ತಂದಿದ್ದೇ ನೆಪ, ಇವನೂ ಒಂದು ಡಿಟೆಕ್ಟರು ತಂದ. ಉದ್ದನೆಯ ಕೋಲು, ಕೋಲಿನ ತುದಿಗೆ ಊಟದ ತಟ್ಟೆಯಂಥ ಒಂದು ಸುರುಳಿ, ಕಿವಿಗೆ ಹೆಡ್‌ಫೋನು. ಶನಿವಾರ ಬಂತೆಂದರೆ ನೆವಾರ್ಕಿನ ಮನೆಯಿಂದ ಡಂಬಾರ್ಟನ್ ಸೇತುವೆ ದಾಟಿ ಪೆಸಿಫಿಕಾದ ಕಡಲ ದಂಡೆಗೆ ಹೋಗುವುದು, ಸಂಜೆಯವರೆಗೆ ಮರಳಿನ ಮೇಲೆ ಆ ತಟ್ಟೆಯನ್ನು ಅತ್ತಿಂದಿತ್ತ ಆಡಿಸುವುದು, ಕುಂಯ್ ಎಂದಲ್ಲಿ ಅಗೆಯುವುದು. ಬಾಟಲಿ ಮುಚ್ಚಳ, ಕ್ಯಾನಿನಿಂದ ಕಿತ್ತ ಉಂಗುರ, ತಲೆಪಿನ್ನು, ಯಾರದ್ದೋ ಕಾರಿನ ಬೀಗದ ಕೈ. ಇವನ್ನೆಲ್ಲ ತೊಳೆದು ಕಾಫಿ ಡಬ್ಬಿಗಳಲ್ಲಿ ತುಂಬಿ ಗರಾಜಿನಲ್ಲಿ ಸಾಲಾಗಿ ಇಟ್ಟಿದ್ದ. “ಸ್ಪ್ಯಾನಿಷ್ ಹಡಗು ಇಲ್ಲೇ ಹಾದು ಹೋಗ್ತಿದ್ವು ಊರ್ಮಿ. ಏನಾದ್ರೂ ಬೀಳಿಸದೇ ಇರ್ತಾರಾ?” ಎನ್ನುತ್ತಿದ್ದ.

ಆ ಜೂನಿನಲ್ಲಿ ಜಯರಾಮನ ನಗೆಯಾಟ ಸ್ವಲ್ಪ ಹೆಚ್ಚೇ ಆಯಿತು. ಶ್ರೀಕಂಠನ ಹುಟ್ಟುಹಬ್ಬಕ್ಕೆಂದು ಒಂದು ಡಬ್ಬಿಗೆ ಬಣ್ಣದ ಕಾಗದ ಸುತ್ತಿ ಕೊಟ್ಟ. ಬಿಚ್ಚಿದರೆ ಒಳಗೆ ತುಂಬ ಬಿಯರ್ ಮುಚ್ಚಳಗಳು. “ಅಷ್ಟು ದೂರ ಯಾಕೆ ಹೋಗ್ತೀಯ, ಪೆಟ್ರೋಲ್ ದಂಡ” ಎಂದ. ಶ್ರೀಕಂಠ ಮತ್ತೆ ಒಂದು ಕ್ಷಣ ತಡವಾಗಿ ನಕ್ಕ. ಮನೆಗೆ ಬಂದು ಆ ಮುಚ್ಚಳಗಳನ್ನೂ ತೊಳೆದು ಬೇರೆ ಡಬ್ಬಿಯಲ್ಲಿಟ್ಟ.

ಊರ್ಮಿಳೆ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಈ ಮನುಷ್ಯನಿಗೆ ಏನಾದರೊಂದು ಸಿಗಲೇಬೇಕು, ಸಮುದ್ರ ಕೊಡದಿದ್ದರೆ ನಾನೇ ಕೊಡುತ್ತೇನೆ ಎಂದು ನಿರ್ಧರಿಸಿದಳು.

ಊರ್ಮಿಳೆ ಮೈಸೂರಿನಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಓದಿ, ಹೆಣ್ಣುಮಕ್ಕಳ ಕಾಲೇಜಿನ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದವಳು. ಮದುವೆಯಾಗಿ ಇಲ್ಲಿಗೆ ಬಂದಮೇಲೆ ಅವಳ ಕೆಮಿಸ್ಟ್ರಿಯೆಲ್ಲ ಮೊಸರು ಹೆಪ್ಪಾಗದಿದ್ದಾಗ ಮತ್ತು ರೇಷ್ಮೆ ಸೀರೆಗೆ ಅರಿಸಿನ ಹತ್ತಿದಾಗ ಮಾತ್ರ ಹೊರಗೆ ಬರುತ್ತಿತ್ತು. ಹಳೇ ಲೋಹ ಹೇಗಿರುತ್ತದೆ, ಯಾಕೆ ಹಾಗಿರುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೇಕಾಗಿದ್ದುದು ಲೋಹದ ವಸ್ತು. ನಾಣ್ಯವಾದರೆ ಇಸವಿ ಇರುತ್ತದೆ. ಕುಂಕುಮದ ಭರಣಿಯನ್ನು ಶ್ರೀಕಂಠ ಗುರುತು ಹಿಡಿಯುತ್ತಾನೆ. ಅಡುಗೆಮನೆಯ ಡ್ರಾಯರೆಲ್ಲ ಜಾಲಾಡಿದ ಮೇಲೆ ಸಿಕ್ಕಿದ್ದು ಚಕ್ಕುಲಿ ಒರಳಿನ ಬಿಲ್ಲೆ. ಅಂಗೈಯಲ್ಲಿ ಅಡಗುವಷ್ಟು ದುಂಡನೆಯ ಹಿತ್ತಾಳೆ, ನಟ್ಟನಡುವೆ ನಕ್ಷತ್ರದ ತೂತು. ಅವಳ ಹತ್ತಿರ ಅಂಥವು ಎರಡಿದ್ದವು. ಒಂದು ಅತ್ತೆ ಕೊಟ್ಟಿದ್ದು, ಒಂದು ಅಮ್ಮ ಕೊಟ್ಟಿದ್ದು. ಯಾವುದನ್ನು ಆರಿಸಿಕೊಂಡಳೆಂದು ಹೇಳಬೇಕಾಗಿಲ್ಲ. ಅಮ್ಮನದು ಡ್ರಾಯರಿನಲ್ಲೇ ಉಳಿಯಿತು.

ಆದರೂ ಒಮ್ಮೆ ಪರೀಕ್ಷೆ ಮಾಡಿಬಿಡೋಣವೆಂದು ಬಿಲ್ಲೆಯನ್ನು ಊಟದ ಮೇಜಿನ ಮೇಲೆ ಇಟ್ಟುಬಿಟ್ಟಳು. ಶ್ರೀಕಂಠ ಅದರ ಮೇಲೆ ಕಾಫಿ ಲೋಟ ಇಟ್ಟುಕೊಂಡು ಪೇಪರು ಓದಿದ. ಮರುದಿನವೂ ಹಾಗೇ ಮಾಡಿದ. ಹುಟ್ಟಿದಾಗಿನಿಂದ ಚಕ್ಕುಲಿ ತಿಂದ ಮನುಷ್ಯ, ಚಕ್ಕುಲಿ ಎಲ್ಲಿಂದ ಹೊರಬೀಳುತ್ತದೆಂದು ಒಂದು ದಿನವೂ ಯೋಚಿಸಿರಲಿಲ್ಲ. ಊರ್ಮಿಳೆಗೆ ಧೈರ್ಯ ಬಂತು.

ಗಂಡ ಆಫೀಸಿಗೆ ಹೋದಮೇಲೆ ಗರಾಜು ಅವಳ ಲ್ಯಾಬಾಯಿತು. ಬಿಲ್ಲೆಯ ಜಿಡ್ಡು ತೆಗೆದಳು. ವಿನೆಗರಿನಲ್ಲಿ ಉಪ್ಪು ಕರಗಿಸಿ ಸವರಿದಳು. ದೊಡ್ಡದೊಂದು ಉಪ್ಪಿನಕಾಯಿ ಜಾಡಿಯ ತಳಕ್ಕೆ ಕಿಟಕಿ ಒರೆಸುವ ಅಮೋನಿಯಾಕ್ಕೆ ನೀರು ಬೆರೆಸಿ ಹಾಕಿ, ಬಿಲ್ಲೆಯನ್ನು ದಾರ ಕಟ್ಟಿ ಅದರೊಳಗೆ ತೂಗುಬಿಟ್ಟು ಮುಚ್ಚಳ ಹಾಕಿದಳು. ಗರಾಜಿನ ಬಾಗಿಲು ತೆರೆದಿಟ್ಟು ಕಣ್ಣೀರು ಒರೆಸಿಕೊಳ್ಳುತ್ತ ಕಾದು, ಸಂಜೆ ಅವನು ಬರುವ ಮೊದಲು ಜಾಡಿಯನ್ನು ಮೂಲೆಯಲ್ಲಿ ಬಚ್ಚಿಟ್ಟಳು. ಮೊದಲ ದಿನ ಪಾಚಿಯಂಥ ಬಣ್ಣ ಬಂತು, ಅಲ್ಲಲ್ಲಿ ಚುಕ್ಕೆ. ಚೆನ್ನಾಗಿಲ್ಲ. ಉಜ್ಜಿ ತೆಗೆದು ಮತ್ತೆ ಶುರುಮಾಡಿದಳು. ಈ ಸಲ ಅಮೋನಿಯಾ ಕಡಿಮೆ, ಮಧ್ಯೆ ಮಧ್ಯೆ ಮರಳಲ್ಲಿ ಹೂತು ತೆಗೆಯುವುದು, ಮತ್ತೆ ಜಾಡಿಯ ಆವಿ. ಒಂದು ಬೆಳಿಗ್ಗೆ ಜಾಡಿಯ ಮುಚ್ಚಳ ತೆಗೆದಾಗ ನವಿಲಿನ ಕತ್ತಿನ ನೀಲಿ, ಅದರಡಿಯಲ್ಲಿ ಹಸಿರು, ನಕ್ಷತ್ರದ ಹಲ್ಲುಗಳ ಸಂದಿಯಲ್ಲಿ ಕಂದು. ಅತ್ತೆಯ ಚಕ್ಕುಲಿ ಬಿಲ್ಲೆ ಯಾವುದೋ ಮುಳುಗಿದ ಅರಮನೆಯಿಂದ ಎದ್ದು ಬಂದಂತಿತ್ತು. ಅದನ್ನು ಬೆಳಕಿಗೆ ಹಿಡಿದುಕೊಂಡು ಊರ್ಮಿಳೆ ಗರಾಜಿನಲ್ಲಿ ಒಬ್ಬಳೇ ನಕ್ಕಳು. ಯಾರಿಗೂ ತೋರಿಸುವಂತಿಲ್ಲವಲ್ಲ ಎಂದು ಅವಳಿಗೆ ನಿಜವಾಗಿಯೂ ದುಃಖವಾಯಿತು.

ಆ ಶನಿವಾರ “ನಾನೂ ಬರ್ತೀನಿ” ಎಂದಳು. ಶ್ರೀಕಂಠನಿಗೆ ಆಶ್ಚರ್ಯ. ಅವಳು ಒಂದು ಸಲವೂ ಬಂದವಳಲ್ಲ.

ಪೆಸಿಫಿಕಾದಲ್ಲಿ ಎಂದಿನಂತೆ ಮಂಜು, ಚಳಿಗಾಳಿ. ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಗಂಡನ ಜಾಕೆಟ್ಟು ಹಾಕಿಕೊಂಡು ಊರ್ಮಿಳೆ ಮರಳಿನಲ್ಲಿ ಕೂತಳು. ಅವನು ಕಾರಿನಿಂದ ಗೂಟ, ಹಗ್ಗ ತರಲು ಹೋದಾಗ ಬೇಗಬೇಗನೆ ಒಂದು ಗುಂಡಿ ತೋಡಿ ಬಿಲ್ಲೆಯನ್ನು ಹೂತು, ಮೇಲೆ ಮರಳು ಸವರಿ, ಗುರುತಿಗೆ ಒಂದು ಚಿಪ್ಪು ಇಟ್ಟು ದೂರ ಸರಿದಳು.

ಶ್ರೀಕಂಠ ಬಂದು ಗೂಟ ಹೊಡೆದು, ಹಗ್ಗ ಎಳೆದು, ದಂಡೆಯನ್ನು ಚೌಕ ಚೌಕವಾಗಿ ಭಾಗ ಮಾಡಿ, ಬಿಲ್ಲೆ ಇದ್ದ ಜಾಗಕ್ಕೆ ಬೆನ್ನು ಹಾಕಿ ಕೆಲಸ ಶುರುಮಾಡಿದ.

“ರೀ, ಆ ಕಡೆ ನೋಡ್ಬಾರ್ದಾ?”

“ಅಲ್ಲಿ ಹೋದ ತಿಂಗಳೇ ಮುಗ್ಸಿದೀನಿ. ಇದನ್ನ ಸಿಸ್ಟಮ್ಯಾಟಿಕ್ ಆಗಿ ಮಾಡ್ಬೇಕು ಊರ್ಮಿ.”

ಮಧ್ಯಾಹ್ನವಾಯಿತು. ಚಪಾತಿ ರೋಲು ತಿಂದದ್ದಾಯಿತು. ಸಿಸ್ಟಮ್ಯಾಟಿಕ್ ಆಗಿ ಮೂರು ಮುಚ್ಚಳ ಸಿಕ್ಕಿದವು. ಅಷ್ಟರಲ್ಲಿ ನೀರು ಏರತೊಡಗಿತು. ಒಂದೊಂದು ಅಲೆಯೂ ಮುಂದಿನ ಸಲ ಇನ್ನೂ ಮೇಲೆ ಬರುತ್ತೇನೆಂದು ಹೇಳಿ ಹೋಗುವಂತೆ ಬಂದು, ಕೊನೆಗೊಂದು ಅವಳ ಗುರುತಿನ ಚಿಪ್ಪನ್ನೇ ಎತ್ತಿಕೊಂಡು ಹೋಯಿತು. ಊರ್ಮಿಳೆ ಎದ್ದು ನಿಂತು ಕಿವಿಗೆ ಕೈಯಿಟ್ಟುಕೊಂಡು ಕೂಗಿದಳು:

“ಅಯ್ಯೋ! ನನ್ನ ಓಲೆ! ರೀ, ನನ್ನ ವಜ್ರದೋಲೆ ಬಿದ್ದೋಯ್ತು!”

ಶ್ರೀಕಂಠ ಹಗ್ಗ ಎಡವಿಕೊಂಡು ಓಡಿಬಂದ. “ಎಲ್ಲಿ? ಎಲ್ಲಿ ಬಿತ್ತು?”

“ಇಲ್ಲೇ. ಇಲ್ಲೇ ಎಲ್ಲೋ. ಅಲ್ಲ, ಇನ್ನೂ ಈ ಕಡೆ. ಸ್ವಲ್ಪ ಎಡಕ್ಕೆ. ಎಡಕ್ಕೆ ರೀ!”

ತಟ್ಟೆ ಎಡಕ್ಕೆ ಬಂದದ್ದೇ ತಡ, ಹೆಡ್‌ಫೋನಿನ ಹೊರಗೂ ಕೇಳುವಂತೆ ಕುಂಯ್ ಎಂದಿತು. ಶ್ರೀಕಂಠ ಮಂಡಿಯೂರಿ ನೀರೊಳಗೇ ಅಗೆದ. ಕೈ ಹಾಕಿ ತೆಗೆದ. ಮರಳು ಜಾರಿಹೋಗಿ ಆ ನೀಲಿ ಹಸಿರು ಕಂಡಾಗ ಅವನ ಬಾಯಿ ತೆರೆದದ್ದು ತೆರೆದೇ ಇತ್ತು. ಒಂದು ಅಲೆ ಬಂದು ಸೊಂಟದವರೆಗೆ ನೆನೆಸಿ ಹೋದದ್ದೂ ಅವನಿಗೆ ಗೊತ್ತಾಗಲಿಲ್ಲ.

“ಊರ್ಮೀ,” ಎಂದ, ದೇವಸ್ಥಾನದಲ್ಲಿ ಮಾತಾಡುವಷ್ಟು ಮೆಲ್ಲಗೆ, “ಇದು ಮುಚ್ಚಳ ಅಲ್ಲ.”

ಮನೆಗೆ ಬರುವ ದಾರಿಯುದ್ದಕ್ಕೂ ಅವನು ಬಿಲ್ಲೆಯ ಬಗ್ಗೆಯೇ ಮಾತಾಡಿದ. ವಜ್ರದೋಲೆ ಏನಾಯಿತೆಂದು ಕೇಳಲೇ ಇಲ್ಲ. ಊರ್ಮಿಳೆಗೆ ಅದು ಅನುಕೂಲವೇ ಆಯಿತು, ಆದರೂ ಸ್ವಲ್ಪ ಕೋಪ ಬಂತು.

ಅವಳ ಲೆಕ್ಕ ಇದ್ದದ್ದು ಇಷ್ಟೇ: ಗಂಡನಿಗೆ ಒಂದು ಸಂತೋಷ, ಜಯರಾಮನ ಬಾಯಿಗೆ ಬೀಗ, ಬಿಲ್ಲೆ ಶೋಕೇಸಿಗೆ. ಆದರೆ ಎಂಜಿನಿಯರಿಗೆ ಒಂದು ವಸ್ತು ಸಿಕ್ಕಿದರೆ ಅದು ಏನೆಂದು ಗೊತ್ತಾಗುವವರೆಗೆ ಬಿಡುವುದಿಲ್ಲ ಎಂಬುದನ್ನು ಅವಳು ಮರೆತಿದ್ದಳು. ಶ್ರೀಕಂಠ ಲೈಬ್ರರಿಯಿಂದ ಹಡಗುಗಳ ಮೇಲೆ, ದಿಕ್ಸೂಚಿಗಳ ಮೇಲೆ, ಸ್ಪೇನಿನ ನಾವಿಕರ ಮೇಲೆ ಎರಡು ಕೈ ತುಂಬ ಪುಸ್ತಕ ತಂದ. ಒಂದು ವಾರ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿಲ್ಲ. ಕೊನೆಗೆ ಒಂದು ಸಂಜೆ ಅವಳನ್ನು ಹಿತ್ತಲಿಗೆ ಕರೆದ.

“ಇದು ನಾವಿಗೇಷನ್ ಇನ್‌ಸ್ಟ್ರುಮೆಂಟು. ನಕ್ಷತ್ರ ನೋಡೋದು. ಯಾಕೆ ನಡುವೆ ನಕ್ಷತ್ರಾನೇ ಕೊರ್ದಿದಾರೆ ಹೇಳು? ನಾವಿಕರು ಇದನ್ನ ಹೀಗೆ ಕಣ್ಣಿಗೆ ಹಿಡಿದು, ಈ ಹಲ್ಲಿಗೆ ಧ್ರುವ ನಕ್ಷತ್ರ ಸೇರ್ಸಿ, ಆ ಹಲ್ಲಿಗೆ ಹೊರೈಜನ್ ಸೇರ್ಸಿ...” ಎಂದು ಬಿಲ್ಲೆಯನ್ನು ಬಲಗಣ್ಣಿಗೆ ಒತ್ತಿ ಹಿಡಿದು ಪಕ್ಕದ ಮನೆಯ ಚಿಮಣಿಯನ್ನು ಅಳೆದ.

“ನಿಜಾನಾ?” ಎಂದಳು ಊರ್ಮಿಳೆ.

ಮರುದಿನ ಅವನು ಬಲಗಣ್ಣಿನ ಸುತ್ತ ಹಸಿರು ಉಂಗುರ ಇಟ್ಟುಕೊಂಡು ಆಫೀಸಿಗೆ ಹೋದ. ಮೀಟಿಂಗಿನಲ್ಲಿ ಯಾರೋ ಹೊಡೆದರೇನೆಂದು ಕೇಳಿದರಂತೆ.

ಜುಲೈನಲ್ಲಿ ಎಲ್ಲರೂ ಜಯರಾಮನ ಮನೆಯಲ್ಲಿ ಸೇರಿದರು. ಶ್ರೀಕಂಠ ಹತ್ತಿಯ ಮೇಲಿಟ್ಟ ಬಿಲ್ಲೆಯ ಡಬ್ಬಿಯನ್ನು ಕಾಫಿ ಟೇಬಲಿನ ಮೇಲೆ ತೆರೆದಿಟ್ಟಾಗ ಜಯರಾಮ ಬಾಯಲ್ಲಿದ್ದ ಹಲ್ಲುಕಡ್ಡಿ ತೆಗೆದ. ಗಂಡಸರೆಲ್ಲ ಬಗ್ಗಿದರು. ಮಕ್ಕಳ ಡಾಕ್ಟರು ಗುರುಪ್ರಸಾದರು ಇದು ಹಳೇ ಕಾಲದ ಶಸ್ತ್ರಚಿಕಿತ್ಸೆಯ ಸಾಮಾನೆಂದರು. ತಲೆಬುರುಡೆ ಕೊರೆಯುವಾಗ ಗುರುತಿಗೆ ಇಡುತ್ತಿದ್ದಿರಬಹುದು. ಜಯರಾಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಪಂಪಿನ ವಾಲ್ವು ಎಂದ. ಶ್ರೀಕಂಠ ಇಬ್ಬರಿಗೂ ಧ್ರುವ ನಕ್ಷತ್ರದ ವಿಚಾರ ಹೇಳಿದ. ಸ್ವಲ್ಪ ಹೊತ್ತಿನಲ್ಲಿ ಇಬ್ಬರು ಗಂಡಸರು ಅದನ್ನು ಕಣ್ಣಿಗೆ ಹಿಡಿದು ಟ್ಯೂಬ್‌ಲೈಟು ನೋಡುತ್ತಿದ್ದರು.

ಊರಿಂದ ಮಗನನ್ನು ನೋಡಲು ಬಂದಿದ್ದ ಜಯರಾಮನ ತಾಯಿ ಸಣ್ಣತಾಯಮ್ಮ, ಮದ್ದೂರಿನ ಕಡೆಯವರು, ಎಲೆಯಡಿಕೆ ಹಾಕಿಕೊಳ್ಳುತ್ತ ಆ ಕಡೆ ಬಂದು ಇಣುಕಿದರು.

“ಅಯ್, ಇದ್ಯಾಕ್ಲಾ ಇದನ್ನ ಹತ್ತಿ ಒಳಗೆ ಮಲಗ್ಸಿದ್ದೀರಿ? ಚಕ್ಲಿ ಒಳ್ಳಿನ್ ಬಿಲ್ಲೆ ಅಲ್ವಾ ಇದು?”

ಊರ್ಮಿಳೆ ಮೆಲ್ಲನೆ ಅಡುಗೆಮನೆಯ ಕಡೆ ಸರಿದಳು.

“ಅವ್ವ,” ಎಂದ ಜಯರಾಮ, “ಇದು ಹಿಸ್ಟರಿ ವಿಷಯ. ನಿಂಗೆ ಗೊತ್ತಾಗಲ್ಲ, ಸುಮ್ನಿರು.”

“ಹುಣಸೇ ಹಣ್ ಹಾಕಿ ಉಜ್ಜುದ್ರೆ ಗೊತ್ತಾಯ್ತದೆ ಬುಡು,” ಎಂದು ಸಣ್ಣತಾಯಮ್ಮ ಒಳಗೆ ಹೋದರು.

“ಉಜ್ಜಲೇಬಾರದು,” ಎಂದ ಶ್ರೀಕಂಠ ಗಾಬರಿಯಿಂದ. “ಪುಸ್ತಕದಲ್ಲಿ ಬರೆದಿದೆ. ಉಜ್ಜಿದ್ರೆ ಚರಿತ್ರೇನೇ ಹೋಗುತ್ತೆ.”

ಅಡುಗೆಮನೆಯಲ್ಲಿ ರಮಾ ನೀರಿನ ನಲ್ಲಿ ಜೋರಾಗಿ ಬಿಟ್ಟು, ಸಿಂಕಿಗೆ ಒರಗಿ, ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅವಳ ಪಕ್ಕದಲ್ಲಿ ಡಾಕ್ಟರ ಹೆಂಡತಿ ಮೈಥಿಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

“ರೀ ಊರ್ಮಿಳಾ, ಆ ಬಿಲ್ಲೆ ಪೆಸಿಫಿಕ್ ಸಮುದ್ರಕ್ಕೆ ಹೇಗ್ರೀ ಹೋಯ್ತು?” ಎಂದಳು ರಮಾ.

ಊರ್ಮಿಳೆ ಎಲ್ಲವನ್ನೂ ಹೇಳಿದಳು. ಬಿಯರ್ ಮುಚ್ಚಳದ ಉಡುಗೊರೆಯ ವಿಷಯಕ್ಕೆ ಬಂದಾಗ ರಮಾಳ ನಗು ನಿಂತಿತು. “ಅದು ನಮ್ಮೆಜಮಾನ್ರು ಮಾಡಿದ್ದು ತಪ್ಪು ಕಣ್ರೀ. ನಾನು ಬೇಡ ಅಂದೆ” ಎಂದಳು. ಆಮೇಲೆ ಮೂವರೂ ಆಣೆ ಪ್ರಮಾಣ ಮಾಡಿಕೊಂಡರು: ಗಂಡಸರ ಕಿವಿಗೆ ವಿಷಯ ಬೀಳಬಾರದು, ಮತ್ತು ಗೋಕುಲಾಷ್ಟಮಿ ಬರುತ್ತಿರುವುದರಿಂದ ಈ ವರ್ಷ ಯಾರ ಮನೆಯಲ್ಲೂ ಚಕ್ಕುಲಿ ಮಾಡಬಾರದು. ನಕ್ಷತ್ರದ ಅಂಚಿನ ಚಕ್ಕುಲಿ ಕೈಯಲ್ಲಿ ಹಿಡಿದರೆ ಎಂಥ ಎಂಜಿನಿಯರಿಗೂ ಹೊಳೆದುಬಿಡಬಹುದು.

ಅಷ್ಟಮಿಯ ದಿನ ಡಾಕ್ಟರ್ ಗುರುಪ್ರಸಾದರು ತಟ್ಟೆಯಲ್ಲಿದ್ದ ಕೋಡುಬಳೆಯನ್ನು ಅನುಮಾನದಿಂದ ನೋಡಿ “ಏನೇ ಇದು, ಕೃಷ್ಣನಿಗೆ ಚಕ್ಕುಲಿ ಇಲ್ವಾ?” ಎಂದರಂತೆ. “ಚಕ್ಕುಲೀಲಿ ಎಣ್ಣೆ ಜಾಸ್ತಿ, ಹಾರ್ಟಿಗೆ ಒಳ್ಳೇದಲ್ಲ” ಎಂದು ಮೈಥಿಲಿ ಕೋಡುಬಳೆಯನ್ನು ಎಣ್ಣೆಯಿಂದ ತೆಗೆಯುತ್ತಲೇ ಹೇಳಿದಳಂತೆ.

ಎಲ್ಲವೂ ಹೀಗೆಯೇ ನಡೆದುಹೋಗುತ್ತಿತ್ತೋ ಏನೋ. ಆದರೆ ಸೆಪ್ಟೆಂಬರಿನಲ್ಲಿ ಶ್ರೀಕಂಠ ಆಫೀಸಿನಿಂದ ಕುಣಿಯುತ್ತ ಬಂದ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಮ್ಯೂಸಿಯಮ್ಮಿನಲ್ಲಿ ಜನ ತಮಗೆ ಸಿಕ್ಕ ಹಳೇ ವಸ್ತುಗಳನ್ನು ತಂದು ತೋರಿಸುವ ದಿನವಂತೆ. ಲೋಹದ ವಿಭಾಗದವರೇ ನೋಡಿ ಹೇಳುತ್ತಾರಂತೆ. ಇವನು ಆಗಲೇ ಫೋನು ಮಾಡಿ ಹೆಸರು ಕೊಟ್ಟಿದ್ದ.

ತೋರಿಸುವ ದಿನ ಬೆಳಿಗ್ಗೆ ಊರ್ಮಿಳೆ ತಲೆನೋವೆಂದಳು. “ಹಾಗಾದ್ರೆ ನೀನು ರೆಸ್ಟ್ ತಗೋ, ನಾನು ಹೋಗ್ಬರ್ತೀನಿ” ಎಂದ. ಅದು ಇನ್ನೂ ಅಪಾಯವೆನಿಸಿ ತಲೆನೋವನ್ನು ವಾಪಸು ತೆಗೆದುಕೊಂಡಳು. ಸೇತುವೆಯ ಮೇಲೆ ಹೇಳಿಬಿಡೋಣವೆಂದು “ರೀ, ಒಂದು ವಿಷಯ” ಎಂದು ಶುರುಮಾಡಿದಳು.

“ನನಗೂ ಒಂದು ವಿಷಯ ಹೇಳ್ಬೇಕು,” ಎಂದ ಅವನು. “ನಾನು ಇಷ್ಟು ಖುಷಿಯಾಗಿ ಯಾವತ್ತೂ ಇರ್ಲಿಲ್ಲ ಊರ್ಮಿ. ಬೆಳಿಗ್ಗೆ ಎದ್ದ ತಕ್ಷಣ ಅದು ನೆನಪಾಗುತ್ತೆ. ಸರಿ, ನೀನೇನು ಹೇಳ್ತಿದ್ದೆ?”

“ಏನಿಲ್ಲ. ಪೆಟ್ರೋಲ್ ಇದೆಯಾ ಅಂತ.”

ಊರು ತಲುಪಿದ ಮೇಲೆ ಮತ್ತೊಮ್ಮೆ ಪ್ರಯತ್ನಿಸಿದಳು. ಆಗ ಅವನು ಗೋಡೆಯಂಥ ಒಂದು ಏರಿನಲ್ಲಿ, ಹಿಂದಿನ ಕಾರು ಹಾರ್ನು ಬಾರಿಸುತ್ತಿರುವಾಗ, ಎರಡು ಕಾರುಗಳ ನಡುವೆ ಗಾಡಿ ತೂರಿಸುತ್ತಿದ್ದ. ಅಂಥ ಹೊತ್ತಿನಲ್ಲಿ ಯಾವ ಹೆಂಡತಿಯೂ ಯಾವ ಗಂಡನಿಗೂ ಸತ್ಯ ಹೇಳಲಾರಳು.

ಲೋಹದ ವಿಭಾಗದಲ್ಲಿ ಕೂತಿದ್ದವರು ಡಾಕ್ಟರ್ ಹ್ಯಾಲರನ್ ಎಂಬ ಬಿಳಿಕೂದಲಿನ ಹೆಂಗಸು. ಕೊರಳಲ್ಲಿ ಎರಡು ಕನ್ನಡಕ, ಬೆರಳುಗಳ ಮೇಲೆ ಬಣ್ಣಬಣ್ಣದ ಕಲೆ. ಆ ಕಲೆಗಳನ್ನು ನೋಡಿ ಊರ್ಮಿಳೆಗೆ ತನ್ನ ಕಾಲೇಜಿನ ಲ್ಯಾಬು ನೆನಪಾಯಿತು. ಶ್ರೀಕಂಠ ಡಬ್ಬಿ ತೆರೆದು, ಪೆಸಿಫಿಕಾ, ಸ್ಪ್ಯಾನಿಷ್ ಹಡಗು, ಧ್ರುವ ನಕ್ಷತ್ರ ಎಲ್ಲವನ್ನೂ ಆಫೀಸಿನಲ್ಲಿ ಪ್ರೆಸೆಂಟೇಷನ್ ಕೊಡುವಂತೆ ಹೇಳಿದ. ಡಾಕ್ಟರ್ ಹ್ಯಾಲರನ್ ಅವನ ಮಾತು ಮುಗಿಯುವವರೆಗೆ ತಾಳ್ಮೆಯಿಂದ ಕೇಳಿ, ಬಿಲ್ಲೆಯನ್ನು ಲೆನ್ಸಿನಡಿ ಹಿಡಿದರು. ಅಂಚಿನಲ್ಲಿ ಸೂಜಿಯಿಂದ ಕೂದಲೆಳೆಯಷ್ಟು ಕೆರೆದರು. ತುಂಬ ಹೊತ್ತು ನೋಡಿದರು.

“ನಿಮಗೆ ಬೇಸರವಾಗಬಹುದು,” ಎಂದರು ಕೊನೆಗೆ ಮೃದುವಾಗಿ. “ಇದು ಹಿತ್ತಾಳೆ ನಿಜ, ಆದರೆ ಹಳೆಯದಲ್ಲ. ಮೆಷಿನ್ನಿನಲ್ಲಿ ಕಡೆದ ಗೆರೆಗಳು ಕಾಣುತ್ತಿವೆ. ಹಿತ್ತಾಳೆ ನಿಜವಾಗಿ ಸಮುದ್ರದಲ್ಲಿ ಬಹುಕಾಲ ಇದ್ದಿದ್ದರೆ ಸತುವೆಲ್ಲ ಹೋಗಿ ತಾಮ್ರ ಉಳಿದು ಒಳಗೆ ಕೆಂಪಾಗಿರಬೇಕಿತ್ತು. ಇಲ್ಲಿ ಹಸಿರಿನ ಕೆಳಗೇ ಹಳದಿ ಹೊಳೆಯುತ್ತಿದೆ. ಯಾರೋ ನಿಮಗೆ ಮೋಸ ಮಾಡಿದ್ದಾರೆ.”

ಶ್ರೀಕಂಠನ ಮುಖ ನೋಡಲು ಊರ್ಮಿಳೆಗೆ ಆಗಲಿಲ್ಲ. ನೆಲ ನೋಡುತ್ತ ನಿಂತಳು. ಈಗ ಸುಮ್ಮನಿದ್ದುಬಿಟ್ಟರೆ ಆಯಿತು, ಯಾರೋ ಪೋಕರಿಗಳು ಮಾಡಿದ್ದೆಂದು ಬೈದುಕೊಂಡು ಮನೆಗೆ ಹೋಗಬಹುದು ಎಂದು ಅವಳಿಗೆ ತಿಳಿದಿತ್ತು.

“ಕೈಚಳಕದವನೇ,” ಎಂದು ಡಾಕ್ಟರ್ ಹ್ಯಾಲರನ್ ಲೆನ್ಸು ಸರಿಪಡಿಸಿಕೊಂಡರು. “ಈ ನೀಲಿ ಸುಲಭಕ್ಕೆ ಬರುವುದಲ್ಲ. ಆದರೆ ಇಲ್ಲಿ ಅಂಚಿನಲ್ಲಿ ನೋಡಿ, ಅವಸರ ಬಿದ್ದಿದ್ದಾನೆ. ಅಮೋನಿಯಾ ತೀರಾ ಗಾಢವಾಗಿ ಬಳಸಿದ್ದಾನೆ, ಅದಕ್ಕೇ ಚಕ್ಕೆ ಎದ್ದಿದೆ. ಹೊಸಬರು ಮಾಡುವ ತಪ್ಪು.”

“ಗಾಢ ಅಲ್ಲ!” ಎಂದಳು ಊರ್ಮಿಳೆ.

ಇಬ್ಬರೂ ಅವಳ ಕಡೆ ತಿರುಗಿದರು.

“ಒಂದಕ್ಕೆ ನಾಲ್ಕು ನೀರು ಬೆರೆಸಿದ್ದು,” ಎಂದಳು ಇಂಗ್ಲಿಷಿನಲ್ಲಿ, ದನಿ ಏರುತ್ತ. “ಅವಸರವೂ ಅಲ್ಲ. ಪೂರ್ತಿ ಉಜ್ಜಿ ತೆಗೆದು ಮೊದಲಿನಿಂದ ಮಾಡಿದ್ದು. ದಾರ ಜಾರಿ ಆ ಅಂಚು ಜಾಡಿಯ ಗೋಡೆಗೆ ತಗುಲಿತು, ಅಷ್ಟೇ. ಹೊಸಬರ ತಪ್ಪು ಅಂತೆ!”

ಹೇಳಿದ ಮೇಲೆ ಅವಳಿಗೆ ತಾನೇನು ಹೇಳಿದೆನೆಂದು ತಿಳಿಯಿತು. ಹೊರಗೆ ಕೇಬಲ್ ಕಾರಿನ ಗಂಟೆ ಕೇಳಿಸಿತು.

“ಯಾವ ಜಾಡಿ?” ಎಂದ ಶ್ರೀಕಂಠ ಕನ್ನಡದಲ್ಲಿ.

“ಉಪ್ಪಿನಕಾಯಿದು,” ಎಂದಳು ಊರ್ಮಿಳೆ.

ಡಾಕ್ಟರ್ ಹ್ಯಾಲರನ್ ಕನ್ನಡಕ ತೆಗೆದು ಅವಳನ್ನು ಮೇಲಿಂದ ಕೆಳಗೆ ನೋಡಿದರು. ಸೀರೆ, ಸ್ವೆಟರು, ಹಣೆಯ ಕುಂಕುಮ. ಆಮೇಲೆ ಒಂದು ಕುರ್ಚಿ ಎಳೆದು ಹತ್ತಿರ ಹಾಕಿದರು. “ಕೂತುಕೊಳ್ಳಿ. ವಿನೆಗರ್ ಎಷ್ಟು ಹಾಕಿದಿರಿ?”

ಆಮೇಲೆ ನಡೆದದ್ದರಲ್ಲಿ ಶ್ರೀಕಂಠನಿಗೆ ಪಾತ್ರವೇ ಇರಲಿಲ್ಲ. ಇಬ್ಬರು ಹೆಂಗಸರು ತಲೆಗೆ ತಲೆ ತಾಗುವಂತೆ ಬಿಲ್ಲೆಯ ಮೇಲೆ ಬಗ್ಗಿ ಕ್ಲೋರೈಡು, ಅಸಿಟೇಟು, ಮರಳಿನ ತೇವ ಎಂದು ಮಾತಾಡುತ್ತಲೇ ಹೋದರು. ಹಿಂದೆ ಸಾಲಿನಲ್ಲಿ ಒಬ್ಬ ಮುದುಕ ತುಕ್ಕು ಹಿಡಿದ ಕುದುರೆ ಲಾಳ ಹಿಡಿದುಕೊಂಡು ಕಾದು ಕಾದು ಕೆಮ್ಮಿದ. ಶ್ರೀಕಂಠ ಖಾಲಿ ಡಬ್ಬಿ ಮತ್ತು ಹತ್ತಿ ಹಿಡಿದು ನಿಂತಿದ್ದ.

“ಅಂದ ಹಾಗೆ,” ಎಂದು ಕೇಳಿದರು ಡಾಕ್ಟರ್ ಹ್ಯಾಲರನ್ ಕೊನೆಯಲ್ಲಿ, “ಇದು ನಿಜವಾಗಿ ಏನು?”

ಊರ್ಮಿಳೆ ಹೇಳಿದಳು. ಹಿಟ್ಟು, ಒರಳು, ಒತ್ತುವುದು, ಎಣ್ಣೆಗೆ ಸುತ್ತಿಬಿಡುವುದು ಎಲ್ಲವನ್ನೂ ಕೈಸನ್ನೆಯಿಂದ ತೋರಿಸಿದಳು.

“ಚಕ್ಕುಲೀದಾ?” ಎಂದ ಶ್ರೀಕಂಠ. ಅವನ ದನಿಯಲ್ಲಿ ಕೋಪಕ್ಕಿಂತ ಬೆರಗೇ ಹೆಚ್ಚಾಗಿತ್ತು. ಬಿಲ್ಲೆಯನ್ನು ಎತ್ತಿಕೊಂಡು ಅದರ ನಕ್ಷತ್ರದ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. “ಓಹೋ. ಅದಕ್ಕೇ ಅದಕ್ಕೆ ಮುಳ್ಳು ಮುಳ್ಳು ಇರುತ್ತಾ?”

ಕಾರು ಮನೆಯ ದಾರಿ ಹಿಡಿಯಿತು. ಊರು ದಾಟಿತು, ವಿಮಾನ ನಿಲ್ದಾಣ ದಾಟಿತು. ಊರ್ಮಿಳೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು.

“ಓಲೆ?” ಎಂದ ಅವನು ಇದ್ದಕ್ಕಿದ್ದಂತೆ.

“ಅದೂ ಸುಳ್ಳೇ. ಅವತ್ತು ನೀವು ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳ್ಲಿಲ್ಲ.”

ಸ್ವಲ್ಪ ಮುಂದೆ ಹೋದ ಮೇಲೆ, “ಊರಿಗೆಲ್ಲ ಗೊತ್ತಾ?” ಎಂದ.

“ಹೆಂಗಸರಿಗೆ ಮಾತ್ರ.”

“ಅಂದ್ರೆ ಊರಿಗೆಲ್ಲ.” ಅವನ ಕಿವಿ ಕೆಂಪಾಗಿತ್ತು. “ಯಾಕೆ ಊರ್ಮಿ? ನನ್ನ ನೋಡಿ ನಗೋಕೆ ಜಯರಾಮ ಒಬ್ಬ ಸಾಲ್ದಾಗಿದ್ನಾ?”

“ನಗೋಕಲ್ಲ ರೀ!” ಅವಳಿಗೆ ಅಳು ಬಂದುಬಿಟ್ಟಿತು. “ಆ ಮುಚ್ಚಳದ ಡಬ್ಬಿ ಕೊಟ್ಟ ದಿನ ನೀವು ಮನೆಗೆ ಬಂದು ಅದನ್ನೂ ತೊಳೆದು ಇಟ್ರಲ್ಲ, ನನಗೆ ನೋಡೋಕಾಗ್ಲಿಲ್ಲ. ನಿಮಗೆ ಒಂದೇ ಒಂದು ಒಳ್ಳೇದು ಸಿಗ್ಲಿ ಅಂತ ಮಾಡ್ದೆ. ನೀವು ಅದನ್ನ ತಗೊಂಡು ಧ್ರುವ ನಕ್ಷತ್ರಕ್ಕೇ ಹೋಗಿಬಿಡ್ತೀರಾ ಅಂತ ನನಗೇನು ಗೊತ್ತು?”

ಸೇತುವೆ ಬಂತು. ಕೊಲ್ಲಿಯ ನೀರು ಎರಡೂ ಕಡೆ ತವರದ ತಗಡಿನಂತೆ ಮಲಗಿತ್ತು.

“ಆ ಹೆಂಗಸಿನ ಹತ್ರ ಮಾತಾಡಿದಷ್ಟು ನೀನು ನನ್ನ ಹತ್ರ ಯಾವತ್ತೂ ಮಾತಾಡಿಲ್ಲ,” ಎಂದ.

“ನೀವು ಯಾವತ್ತು ಕೇಳಿದ್ರಿ, ಅಮೋನಿಯಾ ಎಷ್ಟು ಅಂತ?”

ಸೇತುವೆ ಮುಗಿಯುತ್ತ ಬಂತು.

“ಸರಿ. ಈಗ ಕೇಳ್ತಿದೀನಿ. ಮೊದಲು ಉಪ್ಪೋ, ವಿನೆಗರೋ?”

ಅವಳು ಮೂಗೊರೆಸಿಕೊಂಡು ಹೇಳತೊಡಗಿದಳು. ಅವನು ಎಂಜಿನಿಯರಿನಂತೆ ಮಧ್ಯೆ ಮಧ್ಯೆ ಪ್ರಶ್ನೆ ಕೇಳಿದ, ಒಂದೆರಡು ಪ್ರಶ್ನೆ ನಿಜಕ್ಕೂ ಒಳ್ಳೆಯವಾಗಿದ್ದವು. ಮನೆಯ ಮುಂದೆ ಕಾರು ನಿಂತ ಮೇಲೂ ಇಬ್ಬರೂ ಇಳಿಯದೆ ಮಾತಾಡುತ್ತ ಕೂತಿದ್ದರು.

ಮುಂದಿನ ಸಲ ಜಯರಾಮನ ಮನೆಯಲ್ಲಿ, ಯಾರೂ ಕೇಳುವ ಮೊದಲೇ ಶ್ರೀಕಂಠ ಎದ್ದು ನಿಂತು ಇಡೀ ಕಥೆಯನ್ನು ತಾನೇ ಹೇಳಿದ. ಓಲೆ ಕಳೆದ ನಾಟಕವನ್ನು ಅಭಿನಯಿಸಿ ತೋರಿಸಿದ. ತಲೆಬುರುಡೆ ಕೊರೆಯುವ ಸಾಮಾನಿನ ವಿಷಯವನ್ನೂ ಪಂಪಿನ ವಾಲ್ವಿನ ವಿಷಯವನ್ನೂ ಬಿಡಲಿಲ್ಲ. ಡಾಕ್ಟರು ಕೆಮ್ಮಿದರು. ಸಣ್ಣತಾಯಮ್ಮ ಮಗನ ಕಡೆ ತಿರುಗಿ, “ನಂಗೆ ಗೊತ್ತಾಗಲ್ಲ ಅಂದ್ಯಲ್ಲ, ಯಾಕ್ಲಾ ಈಗ ಬಾಯ್ ಮುಚ್ಕೊಂಡಿದ್ದೀಯ?” ಎಂದರು. ಅವತ್ತು ಎಲ್ಲರಿಗಿಂತ ಒಂದು ಕ್ಷಣ ತಡವಾಗಿ ನಕ್ಕವನು ಜಯರಾಮ.

ಅಕ್ಟೋಬರಿನಿಂದ ಊರ್ಮಿಳೆ ವಾರಕ್ಕೆರಡು ದಿನ ಫ್ರೀಮಾಂಟಿನಲ್ಲಿ ರೈಲು ಹತ್ತಿ ಡಾಕ್ಟರ್ ಹ್ಯಾಲರನ್ನರ ಲ್ಯಾಬಿಗೆ ಹೋಗತೊಡಗಿದಳು. ಕಳ್ಳ ಕಿಲುಬನ್ನು ನಿಜವಾದ ಕಿಲುಬಿನಿಂದ ಬೇರೆ ಮಾಡುವುದಕ್ಕೆ ಕಳ್ಳ ಕಿಲುಬು ಹಿಡಿಸಲು ಬರುವವರೇ ಬೇಕೆಂದು ಅವರು ಹೇಳಿದ್ದರು. ಮೊದಲ ಶುಕ್ರವಾರ ಅವಳನ್ನು ಕರೆದುಕೊಂಡು ಹೋಗಲು ಶ್ರೀಕಂಠ ಆಫೀಸಿನಿಂದ ನೇರವಾಗಿ ಬಂದ. ಬೇಗ ಬಂದಿದ್ದ. ಲ್ಯಾಬಿನ ಗಾಜಿನಾಚೆ ಊರ್ಮಿಳೆ ಸೀರೆಯ ಮೇಲೆ ಬಿಳಿ ಕೋಟು ಹಾಕಿ, ದೊಡ್ಡ ಕನ್ನಡಕ ಏರಿಸಿ, ಯಾವುದೋ ಹಡಗಿನ ಮೊಳೆಯನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಬಾಗಿಲ ಬಳಿ ಸೆಕ್ಯುರಿಟಿಯವನು ಸ್ಯಾಂಡ್‌ವಿಚ್ ತಿನ್ನುತ್ತ ಕೂತಿದ್ದ.

ಶ್ರೀಕಂಠ ಸ್ವಲ್ಪ ಹೊತ್ತು ತಡೆದ. ಆಮೇಲೆ ತಡೆಯಲಾಗಲಿಲ್ಲ.

“ಅಲ್ಲಿ ಕಾಣ್ತಿದಾಳಲ್ಲ, ನನ್ನ ಹೆಂಡತಿ,” ಎಂದ ಇಂಗ್ಲಿಷಿನಲ್ಲಿ. “ನನಗೆ ಎಂಥಾ ಮೋಸ ಮಾಡಿದಾಳೆ ಗೊತ್ತಾ? ಇಡೀ ಬೇಸಿಗೆ ಕಳೆದರೂ ನನಗೆ ಒಂದು ಚೂರೂ ಅನುಮಾನ ಬರಲಿಲ್ಲ.”

ಸೆಕ್ಯುರಿಟಿಯವನು ಅಗಿಯುವುದನ್ನು ನಿಲ್ಲಿಸಿ ಅವನನ್ನು ಕನಿಕರದಿಂದ ನೋಡಿದ. “ಕ್ಷಮಿಸಿ ಸಾರ್,” ಎಂದ. “ಇಂಥದ್ದನ್ನೆಲ್ಲ ಹೊರಗೆ ಹೇಳಿಕೊಳ್ಳಬಾರದು.”